‘ಸೋಪು ಹಾಕಿದ್ಯೇನೇ?’

೧೯೯೭ರ ಬೇಸಿಗೆ. ಮೈಸೂರಿನ ಒಂದು ಕಲಾ ಕಾಲೇಜಿನಲ್ಲಿ ನನ್ನದು ಶಿಲ್ಪಕಲೆಯ ಕೊನೆಯ ವರ್ಷ. ಮನೆ ಮೇಟಗಳ್ಳಿಯಲ್ಲಿ, ಅಪ್ಪ ಅಲ್ಲೇ ಕಾರ್ಖಾನೆಯೊಂದರಲ್ಲಿ ಫಿಟ್ಟರ್. “ಟೀಚರ್ ಆಗು ಅಂದ್ರೆ ಮಣ್ಣು ಕಲಸೋಕೆ ಹೋಗ್ತಾಳೆ ನೋಡ್ರಿ” ಅಂತ ಬಂದವರ ಮುಂದೆಲ್ಲ ಗೊಣಗುತ್ತಿದ್ದರು. ನಾನೂ ಬಾಯಿಬಡುಕಿ, ಸುಮ್ಮನಿರುವವಳಲ್ಲ. ಹಾಗಾಗಿ ಕಾಲೇಜು ಸೇರಿದಾಗಿನಿಂದ ನಮ್ಮಿಬ್ಬರದು ಹಾವು ಮುಂಗುಸಿ ಸಂಬಂಧ.

ಪರೀಕ್ಷೆಗೆ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಜೇಡಿಮಣ್ಣಿನಲ್ಲಿ ಅವರ ಮುಖ ಮಾಡಬೇಕಿತ್ತು. ಕೂರುತ್ತೀನಿ ಅಂದವರೆಲ್ಲ ಕೈಕೊಟ್ಟರು. ಒಂದು ಭಾನುವಾರ ಅಪ್ಪನೇ ಇಸ್ತ್ರಿ ಅಂಗಿ ಹಾಕಿಕೊಂಡು, “ನಡಿ, ನಾನೇ ಕೂತ್ಕೋತೀನಿ” ಅಂದುಬಿಟ್ಟರು! ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಲಿಲ್ಲ ಪುಣ್ಯಾತ್ಮ. “ವಿಭೂತಿ ಕಾಣ್ಬೇಕು ಕಣಮ್ಮ, ಇಲ್ಲಾಂದ್ರೆ ಅದು ನಾನಲ್ಲ” ಅಂದರು. ಹಣೆಗೆ ಮೂರು ಗೆರೆ ಎಳೆದೆ. ಮುಗಿದ ಮೇಲೆ ಎದ್ದು ಬಂದು ನೋಡಿ, “ಅಯ್ಯೋ, ಥೇಟ್ ನಮ್ಮಪ್ಪ!” ಅಂತ ನಕ್ಕರು. ನನ್ನ ಕೆಲಸ ನೋಡಿ ಅವರು ನಕ್ಕಿದ್ದು ಅದೊಂದೇ ಸಲ.

ಅದೇ ವಾರ ಕೆಲಸದಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಾರ್ಯವೆಲ್ಲ ಕಳೆದ ಮೇಲೆ ಅಮ್ಮ, “ನೆಟ್ಟಗಿರೋ ಒಂದು ಫೋಟೋನೂ ಇಲ್ವಲ್ಲೇ. ನೀನು ಮಾಡಿರೋ ಮುಖನಾದ್ರೂ ಮನೆಗೆ ತಗೊಂಬಾ” ಅಂದಳು. ಕಾಲೇಜಿಗೆ ಓಡಿದೆ. ಸಹಪಾಠಿ ನಾಗರಾಜ ದಿನಾ ಒದ್ದೆಬಟ್ಟೆ ಹೊದಿಸಿ ಮಣ್ಣನ್ನು ಕಾಪಾಡಿದ್ದ. ಆದರೂ ಕಿವಿಯ ಹತ್ತಿರ ಬಿರುಕು ಬಿಡೋಕೆ ಶುರುವಾಗಿತ್ತು. ಅವತ್ತೇ ಪ್ಲಾಸ್ಟರಿನಲ್ಲಿ ಎರಕ ಹೊಯ್ಯಬೇಕಿತ್ತು.

ಮೊದಲು ಮಣ್ಣಿನ ಮುಖದ ಮೇಲೆ ಪ್ಲಾಸ್ಟರ್ ಮೆತ್ತಿ ಅಚ್ಚು ಮಾಡುತ್ತೇವೆ. ಅದು ಗಟ್ಟಿಯಾದ ಮೇಲೆ ಒಳಗಿನ ಮಣ್ಣನ್ನು ಕೆರೆದು ತೆಗೆದು, ಆ ಟೊಳ್ಳಿಗೆಲ್ಲ ಸೋಪುನೀರು ಬಳಿದು, ಮತ್ತೆ ಪ್ಲಾಸ್ಟರ್ ಸುರಿಯುತ್ತೇವೆ. ಸೋಪು ಇದ್ದರೆ ಹೊರಗಿನ ಅಚ್ಚು ಬಿಟ್ಟುಕೊಳ್ಳುತ್ತದೆ. ಇಲ್ಲದಿದ್ದರೆ ಎರಡೂ ಸೇರಿ ಒಂದೇ ಬಂಡೆ.

ಮಣ್ಣು ಕೆರೆದವಳು ನಾನೇ. ಅಪ್ಪನ ಕಣ್ಣು, ಮೂಗು, ಆ ವಿಭೂತಿ ಗೆರೆ ಎಲ್ಲ ನನ್ನ ಕೈಯಲ್ಲೇ ಮುದ್ದೆಯಾಗಿ ಬಂದವು. ತಡೆಯೋಕಾಗದೆ ಹೊರಗಿನ ನಲ್ಲಿಯ ಹತ್ತಿರ ಹೋಗಿ ಅಳುತ್ತಾ ಕೈ ತೊಳೆಯುತ್ತಿದ್ದೆ. ಒಳಗೆ ಪ್ಲಾಸ್ಟರ್ ಕಲಸಿಕೊಂಡಿದ್ದ ನಾಗರಾಜ, “ಸೋಪು ಹಾಕಿದ್ಯೇನೇ?” ಅಂತ ಕೂಗಿದ.

ನಾನು ಕೈಗೆ ಸೋಪು ಉಜ್ಜುತ್ತಿದ್ದೆ. “ಹಾಕ್ದೆ ಕಣೋ” ಅಂದೆ. ಅವನು ಅಚ್ಚಿಗೆ ಪ್ಲಾಸ್ಟರ್ ಸುರಿದುಬಿಟ್ಟ.

ಮಾರನೇ ದಿನ ಅಚ್ಚು ಒಡೆಯೋಕೆ ಉಳಿ ಹಿಡಿದು ಕೂತೆವು. ಹೊರಗಿನ ಪದರ ಚಕ್ಕೆಚಕ್ಕೆಯಾಗಿ ಉದುರಬೇಕಿತ್ತು, ಉದುರಲಿಲ್ಲ. ಜೋರಾಗಿ ಒಂದು ಏಟು ಹಾಕಿದರೆ ಅಪ್ಪನ ಮೂಗೂ ಚಕ್ಕೆಯ ಜೊತೆಗೇ ಕಿತ್ತು ಬಂತು.

“ಸೋಪು ಹಾಕ್ದೆ ಅಂದ್ಯಲ್ಲೇ!” ಅಂದ ನಾಗರಾಜ.

“ಕೈಗೆ ಕಣೋ, ನನ್ನ ಕೈಗೆ!”

ಅವನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟ. ಮೇಷ್ಟ್ರು ಬಂದು ಮುಟ್ಟಿ ನೋಡಿ, “ಇನ್ನು ಕೆತ್ತಬೇಡಮ್ಮ, ಇರೋದೂ ಹೋಗುತ್ತೆ” ಅಂದರು.

ಆಟೋದಲ್ಲಿ ಆ ಬಿಳಿ ಗುಂಡನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಅಮ್ಮ ಸುತ್ತಲೂ ತಿರುಗಿಸಿ ನೋಡಿದಳು.

“ನಿಮ್ಮಪ್ಪ ಎಲ್ಲೇ?”

“ಒಳಗಿದಾರಮ್ಮ.”

ಅಮ್ಮ ವಿಭೂತಿ ತಂದು, “ಹಣೆ ಎಲ್ಲಿ ಬರುತ್ತೆ, ತೋರ್ಸು” ಅಂದಳು. ಕಿತ್ತುಹೋದ ಮೂಗಿನ ಮೇಲ್ಗಡೆ ಅಂದಾಜಿಗೆ ಬೆರಳಿಟ್ಟು ತೋರಿಸಿದೆ.

ಪರೀಕ್ಷೆ ಹೇಗೋ ಪಾಸಾದೆ. ಆದರೆ ಆಮೇಲೆ ಮಣ್ಣು ಮುಟ್ಟೋಕೆ ನನ್ನಿಂದ ಆಗಲೇ ಇಲ್ಲ. ಈಗ ಕುವೆಂಪುನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಅಪ್ಪನ ಆಸೆಯಂತೆ ಟೀಚರೇ ಆದೆ ನೋಡಿ. ಅಮ್ಮ ಈಗಲೂ ಪ್ರತಿ ಸೋಮವಾರ ಆ ಗುಂಡಿಗೆ ವಿಭೂತಿ ಹಚ್ಚುತ್ತಾಳೆ. ಒಂದು ಬೆರಳು ದಪ್ಪದ ಪ್ಲಾಸ್ಟರ್, ಅಷ್ಟೇ. ಅದರ ಆಚೆ ಅಪ್ಪ ಇದ್ದಾರೆ. ನನಗೆ ಅವರ ಮುಖ ಮರೆತುಹೋಗುತ್ತಿದೆ.