ಗೇಟಿನ ಕೂಸಪ್ಪನ ಬೆಳ್ಳಿಹಬ್ಬ

ಬೆಳುವಾಯಿ ಹತ್ತಿರದ ನೀರಾಟದ ಪಾರ್ಕಿನ ಗೇಟಿನಲ್ಲಿ ಟಿಕೆಟ್ ಹರಿಯುವ ಕೂಸಪ್ಪನನ್ನು ನಾನು ಎದುರಿನ ಚರುಮುರಿ ಗಾಡಿಯಿಂದ ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಅವನಿಗೆ ಟಿಕೆಟ್ ಆಮೇಲೆ, ಮೊದಲು "ಎಲ್ಲಿಯವರು? ಯಾರ ಮನೆ? ಊಟ ಆಯ್ತಾ?" ಆಗಬೇಕು. ಸಾಲು ವೇಣೂರಿನವರೆಗೆ ಬೆಳೆದರೂ ಚಿಂತೆಯಿಲ್ಲ. ಒದ್ದೆ ತಲೆಯಲ್ಲಿ ಹೊರಟ ಮಕ್ಕಳನ್ನು ತಡೆದು, "ಒರೆಸಿಕೋ ಮಾರಾಯ, ಶೀತ ಆಗ್ತದೆ" ಎಂದು ಹೆಗಲಿನ ಬೈರಾಸನ್ನೇ ಕೊಡುತ್ತಾನೆ. ಪಾರ್ಕಿಗೆ ಇಪ್ಪತ್ತೈದು ವರ್ಷ ತುಂಬುತ್ತದೆಂದು ತಿಳಿದ ಮೇಲಂತೂ ದಿನಕ್ಕೊಂದು ಉಪಾಯ. ಇಪ್ಪತ್ತೈದು ಹುಲಿವೇಷಗಳು ಜಾರುಬಂಡಿಯಿಂದ ನೀರಿಗೆ ಬೀಳಬೇಕಂತೆ. "ಬಣ್ಣ ಕರಗಿ ಹುಲಿಯೆಲ್ಲ ಬೆಕ್ಕಾಗ್ತದೆ" ಎಂದೆ. "ನಿಮಗೆ ಚರುಮುರಿ ಬಿಟ್ಟು ಎಂತ ಗೊತ್ತುಂಟು ಪೂವಮ್ಮಕ್ಕ?" ಎಂದ. ಮದುವೆಯಾಗಿ ಇಪ್ಪತ್ತೈದು ವರ್ಷವಾದ ಜೋಡಿಗಳನ್ನು ಅಲೆಯ ಕೊಳದಲ್ಲಿ ನಿಲ್ಲಿಸಿ ಸನ್ಮಾನ ಮಾಡಬೇಕಂತೆ. "ಒದ್ದೆ ಶಾಲು ಯಾರಿಗೆ ಬೇಕು ಕೂಸಪ್ಪಣ್ಣ?" ಎಂದು ಪಾರ್ಕಿನ ಧಣಿ ಅಶೋಕ್ ನಗುತ್ತಲೇ ಎಲ್ಲವನ್ನೂ ತಳ್ಳಿಹಾಕಿದರು. ನಿನ್ನೆ ಅವರು ಗೇಟಿಗೆ ಬಂದಾಗ ಕೂಸಪ್ಪ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬೇರೆ ಎಂತದೂ ಬೇಡ ಧಣಿ. ಆ ದಿನ ಬಂದವರಿಗೆಲ್ಲ ಬೆಲ್ಲ ನೀರು ಕೊಡುವ." "ಇದೆಂತ, ಮನೆಗೆ ಬಂದವರ ಹಾಗೆ?" ಎಂದು ಧಣಿ ಕೇಳಿದರು. ಕೂಸಪ್ಪ ತಲೆ ತಗ್ಗಿಸಿದ. "ನೀವು ಜಾಗ ತೆಗೆದುಕೊಳ್ಳುವ ಮೊದಲು ಕೊಳದ ಆ ಬದಿಯಲ್ಲಿ ನಮ್ಮ ಅಂಗಳ ಇತ್ತಲ್ಲ. ಅಮ್ಮ ಯಾರನ್ನೂ ಬೆಲ್ಲ ನೀರು ಕೊಡದೆ ಒಳಗೆ ಕರೆದವರಲ್ಲ. ನಾನು ಇಷ್ಟು ವರ್ಷವೂ ಬಂದವರ ಟಿಕೆಟ್ ಹರಿದು ಒಳಗೆ ಬಿಟ್ಟೆ." ಅಶೋಕ್ ಕೊಳದ ಆ ಬದಿಗೆ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ, "ಬೆಲ್ಲ ಎಷ್ಟು ಬೇಕಾದೀತು?" ಎಂದು ಕೇಳಿದರು.