ಆರಾಮ ಅಂದ ತಪ್ಪಿಗೆ

ನಮ್ಮ ಕಾಕೂ, ಅಂದರೆ ಚಿಕ್ಕಮ್ಮ, ನಕ್ಕರೆ ಮೇಲಿನ ಸಾಲಿನಲ್ಲಿ ಎರಡು ಹಲ್ಲಿನ ಜಾಗ ಖಾಲಿ ಕಾಣುತ್ತಿತ್ತು. ಅದಕ್ಕೇ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಕೇಳಿದವರಿಗೆ, ಬಚ್ಚಲಲ್ಲಿ ಜಾರಿಬಿದ್ದೆ ಎನ್ನುವಳು. ಹೊಡೆದವನು ಅವಳ ಒಬ್ಬನೇ ಮಗ, ನನಗೆ ಅಣ್ಣನಾಗಬೇಕು. 'ಇವಳು ನಿನ್ನ ಅವ್ವ ಅಲ್ಲ' ಎಂದು ಯಾರೋ ಅವನ ಕಿವಿಯಲ್ಲಿ ಹೇಳಿದ್ದರಂತೆ. ಮನೋರೋಗದ ಗುಳಿಗೆ ಶುರುವಾದ ಮೇಲೆ ಅವನು ಕೈ ಎತ್ತಲಿಲ್ಲ, ಆದರೆ ನೌಕರಿ ಮಾಡುವ ಮನುಷ್ಯನಾಗಿ ಉಳಿಯಲೂ ಇಲ್ಲ.

ಓಣಿಯ ಹುಡುಗರೆಲ್ಲ ಕಂಪ್ಯೂಟರ್ ಕಲಿತು ಮಾದಾಪುರದ ಐಟಿ ಕಂಪನಿಗಳಿಗೆ ಓಡುತ್ತಿದ್ದ ಕಾಲ ಅದು. ನಿಮ್ಮ ಮಗ ಯಾವ ಕಂಪನಿ ಎಂದು ತಾರ್ನಾಕದ ನೆರೆಯವರು ಕೇಳಿದರೆ, ಮನೆಯಲ್ಲೇ ಕೂತು ಮಾಡುವ ಕೆಲಸ ಎಂದು ಕಾಕೂ ತೇಲಿಸುವಳು. "ಮುಚ್ಚಿದ ಮುಷ್ಟಿ ಸವಾ ಲಾಖ ಐತಿ, ಬಿಚ್ಚಿದ್ರ ಏನೂ ಇಲ್ಲ" ಎನ್ನುವುದು ಅವಳ ಮಾತು.

ಸರ್ಕಾರಿ ನೌಕರನಾಗಿದ್ದ ಕಾಕಾ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಕಾಕೂಗೆ ಬರುತ್ತಿದ್ದ ಅವನ ಪೆನ್ಷನ್ ಮೇಲೆ. ಕಾಕೂ ಹೋದ ದಿನ ಅದು ನಿಲ್ಲುತ್ತದೆ. ಮಗ ದುಡಿಯಲಾರದ ಮಾನಸಿಕ ರೋಗಿ ಎಂದು ದೊಡ್ಡ ದವಾಖಾನೆಯ ಡಾಕ್ಟರುಗಳ ಬೋರ್ಡು ಬರೆದುಕೊಟ್ಟರೆ ಮಾತ್ರ ಅವನಿಗೆ ಬದುಕಿರುವವರೆಗೂ ಬರುತ್ತದೆ. ಕಾಕೂಗೆ ಆಗಲೇ ಎದೆಯಲ್ಲಿ ಕ್ಯಾನ್ಸರ್ ಇತ್ತು.

ನಾನು ಆಫೀಸಿಗೆ ರಜೆ ಹಾಕಿ ಇಬ್ಬರನ್ನೂ ಕರೆದುಕೊಂಡು ಹೋದೆ. ಕಾಕೂ ಅಣ್ಣನಿಗೆ ದಾಡಿ ಮಾಡಿಸಿ, ಎಣ್ಣೆ ಹಚ್ಚಿ ತಲೆ ಬಾಚಿ, ಇಸ್ತ್ರಿ ಅಂಗಿ ತೊಡಿಸಿದ್ದಳು, ಕನ್ಯಾ ನೋಡಲು ಹೊರಟವನ ಹಾಗೆ. ಡಾಕ್ಟರು ಕಾಗದ ತಿರುವುತ್ತಾ "ಆರಾಮ್ ಹೈ ನಾ, ಅಮ್ಮಾ?" ಎಂದರು. ಜ್ವರದಲ್ಲಿ ಮಲಗಿದ್ದರೂ, ಕೇಳಿದವರಿಗೆ ಆರಾಮ ಅನ್ನುವ ಜನ ನಾವು. "ಆರಾಮ್ ಹೈ ಸಾಬ್. ಆಪ್ ಆರಾಮ್?" ಎಂದಳು ಕಾಕೂ. ಅಣ್ಣನೂ ಕೈಮುಗಿದು ಆರಾಮ್ ಅಂದ. ಗುಣ ಕಂಡಿದೆ, ಅಸಾಮರ್ಥ್ಯ ನೂರಕ್ಕೆ ಮೂವತ್ತು ಎಂದು ಬರೆದರು. ಪೆನ್ಷನ್ನಿಗೆ ಬೇಕಾಗಿದ್ದದ್ದು ಕಡಿಮೆಯೆಂದರೂ ನಲವತ್ತು.

ಆಟೋ ಹತ್ತುವ ಮೊದಲೇ ನಾನು ರೇಗಿದೆ. "ಕಾಕೂ, ಆರಾಮ ಅಂತ ಯಾಕ ಅಂದಿ?"

"ಕೇಳಿದ್ರಲ್ಲವಾ, ಅಂದೆ."

"ಹಲ್ಲು ಹೆಂಗ ಹೋದ್ವು ಅಂತ ಹೇಳಬೇಕಿತ್ತು."

"ಮಗನ ಮುಂದ ಕುಂತು ಹೆಂಗ ಹೇಳಲಿ?"

"ಹೇಳಲಿಲ್ಲಂದ್ರ ನಿನ್ನ ಹಿಂದ ಅಂವ ಭಿಕ್ಷಾ ಬೇಡಬೇಕಾಕ್ಕೈತಿ."

ಆ ಮಾತು ಆಡಿದವಳು ನಾನು.

ಮರುವರ್ಷ ಮತ್ತೆ ಹೋದೆವು. ಕಾಕೂ ಮೂಳೆ ಚಕ್ಕಳವಾಗಿದ್ದಳು. ಈ ಸಲ ಅಣ್ಣನಿಗೆ ದಾಡಿ ಮಾಡಿಸಿರಲಿಲ್ಲ. ಡಾಕ್ಟರು ಕೇಳುವ ಮೊದಲೇ ಸೆರಗು ಸರಿಸಿ ಬಾಯಿ ತೆರೆದು ತೋರಿಸಿದಳು. "ಇಸೀನೇ ಮಾರಾ, ಸಾಬ್. ಪಾಗಲ್ ಹೈ ಮೇರಾ ಬೇಟಾ." ಹೊಡೆದ ಹುಚ್ಚ ಎಂದು ಅವಳು ತೋರಿಸಿದ ಮಗ ಪಕ್ಕದ ಕುರ್ಚಿಯಲ್ಲಿ ನೆಲ ನೋಡುತ್ತಾ ಕೂತಿದ್ದ. ಎಪ್ಪತ್ತು ಎಂದು ಬರೆದರು. ಹೊರಗೆ ಬಂದು ಕಾಕೂ ಮತ್ತೆ ಸೆರಗು ಬಾಯಿಗೆ ಹಿಡಿದಳು.

ಅಲ್ಲಿಯವರೆಗೂ ಅವಳು ರೊಟ್ಟಿ ಮುರಿದು ಕೈತುತ್ತು ಕೊಟ್ಟರೇ ಅಣ್ಣ ಉಣ್ಣುತ್ತಿದ್ದ. ಅಂದಿನಿಂದ ಅವಳ ಕೈ ಹತ್ತಿರ ಬಂದರೆ ಮುಖ ತಿರುಗಿಸತೊಡಗಿದ. ತಾನೇ ತಾಟು ತೆಗೆದುಕೊಂಡು ಮೂಲೆಗೆ ಹೋಗಿ ಉಣ್ಣುವನು. ಕಾಕೂ ದಿನಾ ತುತ್ತು ಹಿಡಿದು ಕಾಯುವಳು, ಆಮೇಲೆ ಅದನ್ನು ತಾನೇ ತಿನ್ನುವಳು. "ಸಿಟ್ಟ ಬಂದೈತಿ ಅಂವಗ. ಬರಲಿ ಬಿಡು, ಊಟಕ್ಕ ದಾರಿ ಆತಲ್ಲ" ಎಂದಳು ನನಗೆ. ನಾಲ್ಕು ತಿಂಗಳಿಗೆ ತೀರಿಕೊಂಡಳು.

ಪೆನ್ಷನ್ ಮಂಜೂರಾಯಿತು. ಅಣ್ಣ ಈಗ ಕೂಕಟ್‌ಪಲ್ಲಿಯ ನಮ್ಮ ಮನೆಯಲ್ಲಿದ್ದಾನೆ. ಒಂದು ಮಧ್ಯಾಹ್ನ ಬಡಿಸುವಾಗ ಕೇಳಿಯೇಬಿಟ್ಟೆ, ಅವ್ವನ ಮೇಲೆ ಅಷ್ಟು ಸಿಟ್ಟು ಯಾಕಿತ್ತು ಎಂದು.

"ಸಿಟ್ಟ ಇರಲಿಲ್ಲ" ಎಂದ. "ನಾ ಹುಚ್ಚ, ಹೊಡೀತೀನಿ ಅಂತ ಸರಕಾರಕ್ಕ ಹೇಳಿ ಬಂದಿದ್ಲು. ಅಕಿ ಕೈಲೆ ಪ್ರೀತಿಲೆ ಉಣ್ಣೂದು ಯಾರರ ನೋಡಿದ್ರ, ಇಂವ ಹುಚ್ಚ ಅಲ್ಲ, ಸುಳ್ಳ ಹೇಳ್ಯಾಳ ಅಂತ ಅವ್ವನ್ನ ಹಿಡಕೊಂಡು ಹೋಗತಿದ್ರು."

ಕಾಕೂ ಇದನ್ನು ಕೇಳದೆ ಹೋದಳು.