ಹಳೆ ಮಷೀನಿಗೆ ಕೂರದ ಮೋಟಾರು

ಸೊಸೆ ಗೌರಿಯ ಕೈ ಹೊಲಿಗೆ ಮಷೀನಿಗೆ ಅಂಟಿಕೊಂಡಿತ್ತು. ಬಾಯಿ ತೆರೆದಿದ್ದಳು, ಸ್ವರ ಇರಲಿಲ್ಲ.

ಕಾಲಲ್ಲಿ ತುಳಿಯುವ ಹಳೆ ಮಷೀನಿಗೆ ಸಾಗರ ಪೇಟೆಯಿಂದ ತಂದ ಕರೆಂಟ್ ಮೋಟಾರನ್ನು ನಾವೇ ಕೂರಿಸಿದ್ದೆವು. ಬೆಲ್ಟ್ ಬದಲಿಸಿದರೂ, ವೈರು ಬಿಚ್ಚಿ ಸಿಕ್ಕಿಸಿದರೂ ಅದು ತಿರುಗಲಿಲ್ಲ.

"ಇವತ್ತು ಮಷೀನಿಗೆ ನಮಸ್ಕಾರ ಮಾಡ್ಲಿಲ್ಲ ಅತ್ತೆ, ಅದ್ಕೇ ಮುನಿಸ್ಕೊಂಡಿದೆ" ಅಂತ ನಗುತ್ತಾ, ಆಗಷ್ಟೇ ಸಾರಿಸಿದ ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತು ಕಬ್ಬಿಣ ಮುಟ್ಟಿದ್ದಳು. ಸ್ವಿಚ್ ಹಾಕಿಯೇ ಇತ್ತು.

ಹಿಡಿದು ಎಳೆಯಲು ಹೋದ ನನ್ನ ಕೈ ಹೆದರಿ ಹಿಂದೆ ಬಂತು. ಮುಟ್ಟಿದ್ದರೆ ಇಬ್ಬರೂ ಸಾಯುತ್ತಿದ್ದೆವು. ಮೂಲೆಯಲ್ಲಿದ್ದ ಮರದ ಕಡಗೋಲು ತಗೊಂಡು ಅವಳ ಮೊಣಕೈಗೆ ಬಲವಾಗಿ ಬಾರಿಸಿದೆ. ಬಿದ್ದಳು. ಉಸಿರು ಬಂತು.

"ಹೊಡೆದ್ರಲ್ಲ ಅತ್ತೆ!"

"ಇನ್ನೂ ನಾಲ್ಕು ಹೊಡೀತೀನಿ, ಏಳೇ."

ಮೋಟಾರು ಅಟ್ಟ ಸೇರಿತು. ಗೌರಿ ಕಾಲಲ್ಲೇ ತುಳಿಯುತ್ತಾಳೆ. ಬೆಳಿಗ್ಗೆ ಅವಳು ಮಷೀನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಾಗ ನಾನು ಕಡಗೋಲು ಎಲ್ಲಿದೆ ಅಂತ ನೋಡುತ್ತೇನೆ.